ಜೀನ್ ಬಗ್ಗೆ ಬರ್ದಿದೀರಿ ಮೇಡಂ, ಹುಳುಮನೆ ಬಿಟ್ಟೇಬಿಟ್ರಿ

ಮೇಡಂ, ನಮಸ್ಕಾರ. ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಅನುವಂಶೀಯತೆ: ಒಂದು ಪರಿಚಯ’ ಲೇಖನ ಎರಡು ಸಲ ಓದ್ದೆ, ಒಂದ್ಸಲ ಆಫೀಸಲ್ಲಿ, ಇನ್ನೊಂದ್ಸಲ ಭಾನುವಾರ ಮನೇಲಿ ಕಾಫಿ ಕುಡೀತಾ. ಸುತ್ತಿ ಬಳಸಿ ಹೇಳೋದು ನಂಗೆ ಬರಲ್ಲ, ಈಗಿರೋ ಹಾಗೆ ಇದನ್ನ ಪ್ರಿಂಟ್ ಮಾಡೋಕಾಗಲ್ಲ. ಹಾಗಂತ ವಾಪಸ್ ಕಳಿಸಿ ಕೈ ತೊಳ್ಕೊಳ್ಳೋಕೂ ಮನಸ್ಸಿಲ್ಲ, ಯಾಕಂದ್ರೆ ಒಂಬತ್ತನೇ ಪುಟದಲ್ಲಿ ನಾಕೇ ನಾಕು ಲೈನ್ ನೀವು ನಿಜವಾಗ್ಲೂ ಬರ್ದಿದೀರಿ, ಮಿಕ್ಕಿದ್ದೆಲ್ಲ ಟೆಕ್ಸ್ಟ್‌ಬುಕ್ಕು.

ಆ ನಾಕು ಲೈನ್ ಯಾವ್ದು ಅಂದ್ರೆ ನಿಮ್ಮ ಹತ್ತನೇ ಕ್ಲಾಸ್ ಹುಡುಗ ಎದ್ದು ನಿಂತು "ಮಿಸ್, ನಮ್ಮಪ್ಪ ಹೈಬ್ರಿಡ್ ಟೊಮೇಟೊ ಹಣ್ಣಿಂದ ಬೀಜ ತೆಗ್ದು ಎತ್ತಿಟ್ಟು ಮುಂದಿನ ಸಲ ಹಾಕುದ್ರು, ಒಂದೊಂದು ಗಿಡ ಒಂದೊಂಥರ ಬಂತು, ಯಾಕೆ" ಅಂತ ಕೇಳಿದ್ದು. ಅದಕ್ಕೆ ನೀವು ‘ಮಕ್ಕಳ ಕುತೂಹಲಕ್ಕೆ ಮಿತಿಯಿಲ್ಲ’ ಅಂತ ಬರ್ದು ಮುಂದಿನ ಹೆಡಿಂಗಿಗೆ ಹೋಗ್ಬಿಟ್ರಿ! ಅಯ್ಯೋ ಮೇಡಂ, ನಿಮ್ಮ ಇಡೀ ಲೇಖನ ಆ ಹುಡುಗನ ಬಾಯಲ್ಲೇ ಇತ್ತಲ್ರೀ.

ಮೊದಲನೇ ಪುಟ ಪೂರ್ತಿ ತೆಗೀರಿ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಇಂದ ಶುರುವಾಗೋ ಜೆನೆಟಿಕ್ಸ್ ಲೇಖನ ನನ್ನ ಟೇಬಲ್ಗೆ ಎಷ್ಟು ಬಂದಿವೆಯೋ ಲೆಕ್ಕ ಇಟ್ಟಿಲ್ಲ. ಆ ಗಾದೆ ಅರ್ಧ ಮಾತ್ರ ಹೇಳತ್ತೆ, ಒಂದೇ ತಾಯಿಯ ಇಬ್ಬರು ಹೆಣ್ಮಕ್ಳು ಯಾಕೆ ಒಬ್ಬರಂಗೆ ಇನ್ನೊಬ್ರಿಲ್ಲ ಅನ್ನೋ ಇನ್ನರ್ಧ ಹೇಳಲ್ಲ, ನಿಮ್ಮ ವಿಷಯ ಶುರುವಾಗೋದೇ ಆ ಇನ್ನರ್ಧದಿಂದ. ಆಮೇಲೆ ನೀವು ಅನುವಂಶೀಯತೆ ಒಂದು ಭಾಗ, ಭಿನ್ನತೆ ಒಂದು ಭಾಗ, ಕೋಶ ವಿಭಜನೆ ಒಂದು ಭಾಗ ಅಂತ ಮಾಡಿದೀರಿ, ಪಾಲಾದ ಅಣ್ಣತಮ್ಮಂದಿರ ಮನೆ ಇದ್ದಂಗಿದೆ, ಸೂರು ಒಂದೇ, ಒಲೆ ಮೂರು. ಮೂರನೇ ಭಾಗದಲ್ಲಿ ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೆಲೋಫೇಸ್ ಅಂತ ಎರಡೂವರೆ ಪುಟ ಬರ್ದಿದೀರಲ್ಲ, ಅದನ್ನ ಓದಿದೋರಿಗೆ ಇದಕ್ಕೂ, ಬಟಾಣಿ ಗಿಡ ಬೆಳೆಸಿ ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡೆಲ್ಲನ ಬಟಾಣಿಗೂ ಏನ್ ಸಂಬಂಧ ಅಂತ ಒಂದು ಕಡೇನೂ ಗೊತ್ತಾಗಲ್ಲ. ಸಂಬಂಧ ಇರೋದೇ ಅಲ್ಲಿ. ಹೋಲಿಕೆ ಬರೋದೂ, ವ್ಯತ್ಯಾಸ ಬರೋದೂ, ಎರಡೂ ಕೋಶ ಒಡೆಯೋ ಹೊತ್ತಲ್ಲೇ ತೀರ್ಮಾನ ಆಗೋದು.

ನನ್ನದೊಂದು ಕಥೆ ಹೇಳ್ತೀನಿ. ನಾನು ಬೆಳೆದಿದ್ದು ಮಳವಳ್ಳಿ ಕಡೆ, ರೇಷ್ಮೆ ಹುಳ ಸಾಕೋ ಮನೇಲಿ. ನಮ್ಮ ಕಡೆ ಸಾಕ್ತಿದ್ದುದು ಮಿಶ್ರತಳಿ, ಅಂದ್ರೆ ತಾಯಿ ಮೈಸೂರು ತಳಿ, ತಂದೆ ಜಪಾನ್ ಕಡೆಯ ಬಿಳಿ ಗೂಡಿನ ತಳಿ. ಮೈಸೂರು ತಳಿ ಗೂಡು ಹಸಿರು ಹಳದಿ, ಎರಡನ್ನೂ ಸೇರಿಸಿದ ಮಿಶ್ರತಳಿ ಗೂಡು ಹಳದಿ, ಎಲ್ಲಾ ಒಂದೇ ಥರ. ಪ್ರತಿ ಬೆಳೆಗೂ ಮೊಟ್ಟೆ ದುಡ್ಡು ಕೊಟ್ಟು ತರಬೇಕು. ಒಂದ್ಸಲ ಅಪ್ಪಂಗೆ ಜುಗ್ಗತನ ಬಂತು, ಚೆನ್ನಾಗಿರೋ ಗೂಡು ನೋಡಿ ಒಂದಷ್ಟು ಮಾರದೆ ಎತ್ತಿಟ್ರು, ಚಿಟ್ಟೆ ಬಂತು, ಹಾಳೆ ಮೇಲೆ ಮೊಟ್ಟೆ ಇಡ್ತು, ಅದನ್ನೇ ಸಾಕಿದ್ವಿ. ಅಬ್ಬಾ ಆ ಬೆಳೆ! ಒಂದಷ್ಟು ಹುಳ ಜ್ವರಕ್ಕೆ (ಪೊರೆ ಬಿಡೋಕೆ ಮುಂಚೆ ಸೊಪ್ಪು ಬಿಟ್ಟು ಸುಮ್ನಿರೋದು) ಕೂತಿದ್ರೆ ಇನ್ನೊಂದಷ್ಟು ಎದ್ದು ಸೊಪ್ಪು ಕೇಳ್ತಿದ್ವು, ಅರ್ಧ ಹಣ್ಣಾಗಿ, ಗೂಡು ಕಟ್ಟೋಕೆ ಅಂತ ಚಂದ್ರಿಕೆ ತಟ್ಟೆಗೆ ಬಿಡೋ ಹೊತ್ತಿಗೆ ಇನ್ನರ್ಧ ಇನ್ನೂ ಸಣ್ಣವು, ಅಮ್ಮ ರಾತ್ರಿಯೆಲ್ಲಾ ಆರಿಸಿದ್ದೇ ಆರಿಸಿದ್ದು. ಕೊನೆಗೆ ಗೂಡು ಬಿಡಿಸಿದ್ರೆ ದೊಡ್ಡದು ಚಿಕ್ಕದು, ಹಳದಿ ನಡುವೆ ಅಲ್ಲಲ್ಲಿ ಬೆಳ್ಳನೆ ಬಿಳಿ. ಮಾರ್ಕೆಟ್ಟಲ್ಲಿ ಗೂಡು ಕೈಗೆತ್ಕೊಂಡು ನೋಡಿ ಹಾಗೇ ಕೆಳಗಿಟ್ಟು ಹೋದೋರೇ ಜಾಸ್ತಿ. ಹಳದಿ ಗೂಡಿನ ಮಕ್ಕಳು ಬಿಳಿ ಗೂಡು ಕಟ್ಟಿದ್ದು ನೋಡಿ ಅಪ್ಪ ಇದೇನೋ ಮಾಟ ಅಂದ್ರು. ಮಾಟ ಅಲ್ಲ, ತಾತ ವಾಪಸ್ ಬಂದಿದ್ದ ಅಷ್ಟೇ. ಜಪಾನಿನ ತೋಯಾಮ ಕಮೆತಾರೊ ಅನ್ನೋರು 1906ರಲ್ಲಿ ರೇಷ್ಮೆ ಹುಳದ ತಳಿಗಳನ್ನ ಹೀಗೇ ಸೇರಿಸಿ, ಮೆಂಡೆಲ್ಲನ ನಿಯಮ ಬಟಾಣಿಗೆ ಮಾತ್ರ ಅಲ್ಲ ಹುಳಕ್ಕೂ ನಡೆಯತ್ತೆ ಅಂತ ತೋರಿಸಿದ್ರು. ನೀವು ಪಾಠ ಮಾಡೋ ಊರಲ್ಲಿ ಮನೆಮನೇಲಿ ಹುಳ ಇರುತ್ತೆ, ನಿಮ್ಮ ಲೇಖನದಲ್ಲಿ ಒಂದೂ ಇಲ್ಲ.

ಈಗ ಇದನ್ನ ಕೋಶ ವಿಭಜನೆಗೆ ಕಟ್ಟಿ. ರೇಷ್ಮೆ ಹುಳದ ಒಂದೊಂದು ಕೋಶದಲ್ಲೂ 28 ಜೊತೆ ವರ್ಣತಂತು (ಜೀನ್‌ಗಳನ್ನ ಹೊತ್ತಿರೋ ಕ್ರೋಮೋಸೋಮ್), ಮಿಶ್ರತಳಿ ಹುಳದಲ್ಲಿ ಪ್ರತಿ ಜೊತೇಲೂ ಒಂದು ಮೈಸೂರಿಂದು ಒಂದು ಜಪಾನಿಂದು, ಅದಕ್ಕೇ ಎಲ್ಲಾ ಹುಳನೂ ಒಂದೇ ಥರ. ಹುಳ ಬೆಳೆಯೋವಾಗ ನಡೆಯೋದು ಮೈಟಾಸಿಸ್, ಇದ್ದದ್ದು ಇದ್ದಂಗೆ ಎರಡಾಗತ್ತೆ, ಮೈತುಂಬ ಅದೇ ಜೊತೆಗಳು. ಮೊಟ್ಟೆ, ವೀರ್ಯ ಆಗೋವಾಗ ಮಾತ್ರ ಮಿಯಾಸಿಸ್, ಪ್ರತಿ ಜೊತೇನೂ ಬೇರೆ ಆಗಿ ಒಂದೊಂದೇ ಹೋಗತ್ತೆ, ಮೈಸೂರಿಂದು ಹೋಯ್ತೋ ಜಪಾನಿಂದು ಹೋಯ್ತೋ ಅನ್ನೋದು ಜೊತೆಜೊತೆಗೂ ಬೇರೆ ಬೇರೆ ತೀರ್ಮಾನ. ಅದಕ್ಕೇ ಮುಂದಿನ ಪೀಳಿಗೇಲಿ ಒಂದೊಂದು ಹುಳ ಒಂದೊಂಥರ, ಆ ಹುಡುಗನ ಟೊಮೇಟೊದಲ್ಲೂ ಆಗಿದ್ದು ಇದೇ. ನಮ್ಮ ಕಡೆ ಚೌಕಾಬಾರ ಆಡದೇ ಇರೋರು ಯಾರಿದಾರೆ, ಕವಡೆ ಎಸೆದಂಗೆ ಅಂತ ಬರೀರಿ. ಒಂದು ಕವಡೆ ಎರಡು ಥರ ಬೀಳತ್ತೆ, ನಾಕು ಕವಡೆ 16 ಥರ. ಮನುಷ್ಯರದು 23 ಜೊತೆ, 23 ಕವಡೆ ಎಸೆದ್ರೆ 83,88,608 ಥರ. ಹೆಚ್ಚೂ ಕಮ್ಮಿ 84 ಲಕ್ಷ! (ದಯವಿಟ್ಟು ಇಲ್ಲಿ ‘84 ಲಕ್ಷ ಜನ್ಮ ಅಂತ ನಮ್ಮ ಹಿರಿಯರಿಗೆ ಆಗಲೇ ಗೊತ್ತಿತ್ತು’ ಅಂತ ಬರೀಬೇಡಿ, ಬರೀ ಕಾಕತಾಳೀಯ, ನೀವು ಬರೆದ್ರೂ ನಾನು ಹೊಡೆದಾಕ್ತೀನಿ.) ಇದು ಒಬ್ಬ ಅಪ್ಪನ ಲೆಕ್ಕ ಮಾತ್ರ, ಅಮ್ಮಂದೂ ಅಷ್ಟೇ ಇದೆ, ಸಾಲದ್ದಕ್ಕೆ ಬೇರೆ ಆಗೋಕೆ ಮುಂಚೆ ಜೊತೆಗಾರರು ಪಕ್ಕಪಕ್ಕ ನಿಂತು ತುಂಡು ತುಂಡು ಅದಲು ಬದಲು ಮಾಡ್ಕೋತಾರೆ.

ಮೈಟಾಸಿಸ್ ಮಾತ್ರ ಇದ್ದು ಮಿಯಾಸಿಸ್ ಕೆಟ್ಟುಹೋದ್ರೆ ಏನಾಗತ್ತೆ ಅನ್ನೋದಕ್ಕೆ ನಂಜನಗೂಡಿಗೆ ಹೋಗಿ. ರಸಬಾಳೆಗೆ ವರ್ಣತಂತು ಎರಡೆರಡಲ್ಲ, ಮೂರು ಮೂರು, 11ರ ಮೂರು ಸೆಟ್ಟು, ಒಟ್ಟು 33. ಮೂರು ಜನ ಜೋಡಿ ಆಗೋದು ಹೇಗೆ, ಮಿಯಾಸಿಸ್ ಎಡವತ್ತೆ, ಅದಕ್ಕೇ ಬೀಜ ಇಲ್ಲ, ಕಂದು ಕಿತ್ತು ನೆಡೋದೇ. ಅಂದ್ರೆ ತೋಟದ ಗಿಡ ಎಲ್ಲಾ ಒಂದೇ ಗಿಡದ ಮುಂದುವರಿಕೆ. ಎಲ್ಲದರ ರುಚಿನೂ ಒಂದೇ, ಸರಿ. ಆದ್ರೆ ಪನಾಮಾ ಸೊರಗು ರೋಗ ಬಂದಾಗ ತಡ್ಕೊಳ್ಳೋ ಗಿಡ ಅಂತ ಬೇರೆ ಇರಲೇ ಇಲ್ಲ, ಒಂದಕ್ಕೆ ಆದದ್ದು ಎಲ್ಲಕ್ಕೂ ಆಯ್ತು, ತೋಟ ತೋಟನೇ ಹೋಯ್ತು. ಭಿನ್ನತೆ ಯಾಕೆ ಬೇಕು ಅಂತ ನೀವು ಮುಕ್ಕಾಲು ಪುಟ ಉಪದೇಶ ಬರ್ದಿದೀರಿ, ಅದರ ಬದಲು ಈ ಒಂದು ಪ್ಯಾರಾ ಸಾಕು. ಕಬ್ಬೂ ಹಾಗೇ, ಮಂಡ್ಯದಲ್ಲಿ ವರ್ಷಾನುಗಟ್ಟಲೆ ಹಾಕಿದ ಕೋ 62175 ಅನ್ನೋದು ಒಂದೇ ಒಂದು ಬೀಜದಿಂದ ಹುಟ್ಟಿದ ಒಂದೇ ಗಿಡದ ಮೈ, ತುಂಡು ಮಾಡಿ ಮಾಡಿ ಹೊಲದಿಂದ ಹೊಲಕ್ಕೆ ಹೋಗಿದ್ದು.

ಇನ್ನು ಆ ಹುಡುಗನ ಪ್ರಶ್ನೆಗೆ ಬಾಲ ಒಂದಿದೆ, ಚೂಟಿ ಓದುಗರು ಕೇಳೇ ಕೇಳ್ತಾರೆ: ಹೈಬ್ರಿಡ್ ಬೀಜ ಎತ್ತಿಡೋಕಾಗಲ್ಲ ಅಂದ್ರೆ ಇಂಡಾಫ್ ರಾಗಿ ಬೀಜ ನಮ್ಮ ತಾತ ಹೇಗೆ ಎತ್ತಿಟ್ಟು ಹಾಕ್ತಿದ್ರು, ಅದೂ ಕ್ರಾಸೇ ತಾನೆ? ಕ್ರಾಸೇ. ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾ ರಾಗಿ ಸೇರಿಸಿ ಮಾಡಿದ್ದು, ಹೆಸರೇ ಇಂಡಿಯಾ ಆಫ್ರಿಕಾ ಸೇರಿಸಿದ್ದು. ರಾಗಿ ಹೂ ಕಣ್ಣಿಗೇ ಸರಿಯಾಗಿ ಕಾಣಲ್ಲ, ಅದರಲ್ಲಿ ಕ್ರಾಸ್ ಮಾಡೋದು ಅಂದ್ರೆ ತಮಾಷೆ ಅಲ್ಲ. ಆದ್ರೆ ಕ್ರಾಸ್ ಮಾಡಿದ ಮೊದಲ ಪೀಳಿಗೆಯನ್ನೇ ರೈತರಿಗೆ ಕೊಡಲಿಲ್ಲ, ಅದು ಮಕ್ಕಳು ಮೊಮ್ಮಕ್ಕಳಲ್ಲಿ ಚೆಲ್ಲಾಪಿಲ್ಲಿ ಆಗೋವರೆಗೂ ಬಿಟ್ಟು, ಒಳ್ಳೇದು ಆರಿಸಿ, ಮತ್ತೆ ಬೆಳೆಸಿ, ಮತ್ತೆ ಆರಿಸಿ. ರಾಗಿ ತನ್ನ ಹೂವಿಗೆ ತಾನೇ ಪರಾಗ ಹಾಕ್ಕೊಳ್ಳೋ ಗಿಡ, ಹಾಗಾಗಿ ಜೊತೇಲಿ ಎರಡು ಥರ ಇರೋ ಜಾಗಗಳು ಪ್ರತಿ ಪೀಳಿಗೆಗೂ ಅರ್ಧಕ್ಕರ್ಧ ಕಮ್ಮಿ ಆಗ್ತಾ ಬರ್ತಾವೆ, ಅರ್ಧ, ಕಾಲು, ಅರೆಕಾಲು ಹೀಗೆ, ಕೊನೆಗೆ ಬಿತ್ತಿದ್ದೇ ಬೆಳೆಯೋ ತಳಿ ಸಿಗತ್ತೆ. ನೀವು ಮೆಂಡೆಲ್ ಬಟಾಣಿ ಬೆಳೆದ ಬ್ರನೋ ಊರಿನ ಮಠದ ತೋಟ ಒಂದು ಪುಟ ವರ್ಣಿಸಿದೀರಿ ಮೇಡಂ, ಬಸ್ಸಲ್ಲಿ ಹೋದ್ರೆ ಸಿಗೋ ವಿ.ಸಿ. ಫಾರಂ ಹೆಸರು ಎಲ್ಲೂ ಇಲ್ಲ.

ತಪ್ಪುಗಳು. ‘1900ರಲ್ಲಿ ಮೆಂಡೆಲ್ ತಮ್ಮ ನಿಯಮ ಮಂಡಿಸಿದರು’ ಅಂತ ಬರ್ದಿದೀರಿ, ಪಾಪ ಅವರು 1884ರಲ್ಲೇ ತೀರ್ಕೊಂಡಿದ್ರು. ಓದಿದ್ದು 1865, ಅಚ್ಚಾಗಿದ್ದು 1866, ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ, 1900ರಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಇನ್ನೊಂದ್ಕಡೆ ಮೆಂಡೆಲ್ ವರ್ಣತಂತು ನೋಡಿದ್ರು ಅನ್ನೋ ಹಾಗಿದೆ, ಇಲ್ಲ, ವಾಲ್ಟರ್ ಫ್ಲೆಮಿಂಗ್ ಅನ್ನೋರು ಮೈಟಾಸಿಸ್ ಬಗ್ಗೆ ದೊಡ್ಡ ಪುಸ್ತಕ ಮಾಡಿದ್ದು 1882ರಲ್ಲಿ, ಬಟಾಣಿ ಲೆಕ್ಕಕ್ಕೂ ವರ್ಣತಂತುವಿಗೂ ಗಂಟು ಹಾಕಿದ್ದು 1902-03ರ ಹೊತ್ತಿಗೆ ಮಿಡತೆ ಕೋಶ ನೋಡ್ತಿದ್ದ ಸಟ್ಟನ್ ಅನ್ನೋ ಹುಡುಗ, ಆಗಿನ್ನೂ 25 ವರ್ಷ. ಅದೇ ಸಮಯಕ್ಕೆ ಜರ್ಮನಿಯ ವಿಜ್ಞಾನಿ ಬೋವೆರಿ ಕೂಡ. ನಿಮ್ಮ ಒಂದನೇ ಭಾಗನೂ ಮೂರನೇ ಭಾಗನೂ ಸೇರೋ ಜಾಗ ಇದು, ಅದನ್ನೇ ಬಿಟ್ಟಿದೀರಿ. ಡಿಎನ್ಎ ಎರಡಾಗೋದು ಪ್ರೊಫೇಸಲ್ಲಿ ಅಲ್ಲ, ಅದಕ್ಕೆ ಮುಂಚೆ ಇಂಟರ್‌ಫೇಸಲ್ಲಿ. ನಾಲಿಗೆ ಸುರುಳಿ ಮಾಡೋದು ಒಂದೇ ಜೀನಿಂದ ಅನ್ನೋದೂ ತೆಗೀರಿ, ಅವಳಿಗಳಲ್ಲಿ ನೋಡಿದಾಗಲೇ ಅದು ನಿಲ್ಲಲಿಲ್ಲ.

3:1 ಅಂತ ಬರೀ ಅನುಪಾತ ಹಾಕಬೇಡಿ, ಎಣಿಕೆ ಹಾಕಿ. ಗುಂಡು ಕಾಳಿನ ಬಟಾಣಿಗೆ ಸುಕ್ಕು ಕಾಳಿನದು ಸೇರಿಸಿ ಮೆಂಡೆಲ್ ಮೊಮ್ಮಕ್ಕಳ ಪೀಳಿಗೇಲಿ ಎಣಿಸಿದ್ದು 7324 ಕಾಳು, ಅದರಲ್ಲಿ ಗುಂಡನೆಯವು 5474, ಸುಕ್ಕಾದವು 1850. ಕರೆಕ್ಟಾಗಿ ಮೂರಕ್ಕೊಂದಲ್ಲ ನೋಡಿ, ಅದೇ ಚೆಂದ. ಹಾಗೇ ‘ಪ್ರಬಲ ಜೀನ್ ದುರ್ಬಲ ಜೀನನ್ನು ಹತ್ತಿಕ್ಕುತ್ತದೆ’ ಅನ್ನೋದು ಪಾಳೇಗಾರರ ಕಥೆ ಆಯ್ತು. ಅಲ್ಲಿ ಜಗಳ ಏನಿಲ್ಲ. ಸುಕ್ಕು ಬಟಾಣೀಲಿ ಪಿಷ್ಟ ಕಟ್ಟೋ ಒಂದು ಕಿಣ್ವ ಕೆಟ್ಟಿರತ್ತೆ, ಸಕ್ಕರೆ ಉಳಿಯತ್ತೆ, ನೀರು ಹೆಚ್ಚು ಹಿಡಿಯತ್ತೆ, ಒಣಗಿದಾಗ ಸುಕ್ಕಾಗತ್ತೆ, 1990ರಲ್ಲಿ ಆ ಜೀನೇ ಸಿಕ್ತು. ಜೊತೇಲಿ ಒಂದು ನೆಟ್ಟಗಿದ್ರೆ ಕೆಲಸಕ್ಕೆ ಅಷ್ಟೇ ಸಾಕು, ಕಾಳು ಗುಂಡಗೆ ಬರತ್ತೆ, ಅಷ್ಟೇ ಪ್ರಬಲ ಅಂದ್ರೆ.

ಇದನ್ನ ಹೇಳಿದ್ದು ಯಾಕಂದ್ರೆ ನಿಮ್ಮ ಹನ್ನೊಂದನೇ ಪುಟ. ‘ರಕ್ತಸಂಬಂಧದಲ್ಲಿ ಮದುವೆಯಾದರೆ ಅಂಗವಿಕಲ ಮಕ್ಕಳು ಹುಟ್ಟುತ್ತವೆ’ ಅಂತ ಒಂದೇ ಏಟಿಗೆ ಬರ್ದಿದೀರಿ. ಇದನ್ನ ಓದೋರಲ್ಲಿ ಸೋದರಮಾವನ್ನೇ ಮದುವೆಯಾದ ಹೆಣ್ಮಕ್ಳು ಎಷ್ಟು ಜನ ಇರ್ತಾರೆ ಯೋಚ್ನೆ ಮಾಡಿ, ನಮ್ಮ ಮನೇಲೇ ಇದಾರೆ, ಅವರ ಮಕ್ಕಳು ಚೆನ್ನಾಗೇ ಇದಾರೆ. ಹೆದರಿಸೋದೂ ಬೇಡ, ಮುಚ್ಚಿಡೋದೂ ಬೇಡ, ಲೆಕ್ಕ ಹೇಳಿ. ಜೀನಿನ ಕೆಟ್ಟ ಪ್ರತಿ ಒಂದೇ ಇದ್ರೆ ಯಾರಿಗೂ ಗೊತ್ತಾಗದೆ ಮನೆತನದಲ್ಲಿ ಸುಮ್ನೆ ಇಳ್ಕೊಂಡು ಬರ್ತಿರತ್ತೆ. ಸೋದರಮಾವನ ಮದುವೇಲಿ ಮಗುವಿನ ಯಾವುದೇ ಒಂದು ಜೀನಿನ ಎರಡೂ ಪ್ರತಿ ಒಂದೇ ಮೂಲದ್ದಾಗೋ ಸಾಧ್ಯತೆ 8ರಲ್ಲಿ 1, ಅತ್ತೆ ಮಗ ಮಾವನ ಮಗಳಾದ್ರೆ 16ರಲ್ಲಿ 1. ಗಂಡ ಹೆಂಡ್ತಿ ಇಬ್ಬರ ಹತ್ರನೂ ಅದೇ ಕೆಟ್ಟ ಪ್ರತಿ ಇದ್ರೆ ಪ್ರತಿ ಬಸಿರಿಗೂ ನಾಕರಲ್ಲೊಂದು, ಮೊದಲ ಮಗೂಗೆ ಆಯ್ತು ಇನ್ನು ಮೂರು ಸೇಫ್ ಅಂತಲ್ಲ, ಕವಡೆಗೆ ಹಿಂದಿನ ಆಟ ನೆನಪಿರಲ್ಲ.

ಹೆಣ್ಣು ಹೆತ್ತಿದ್ದಕ್ಕೆ ತಾಯಿನ ಬೈಯೋರಿಗೆ ನೀವು ಕೊಟ್ಟ ಉತ್ತರ ಸರಿಯಾಗಿದೆ, ಗಂಡು ಮಗು ಆಗೋಕೆ ಬೇಕಾದ ವೈ ವರ್ಣತಂತು ಬರೋದು ಅಪ್ಪನಿಂದ. ಆದ್ರೆ ಕೊನೇ ಪುಟದಲ್ಲಿ ಬಚ್ಚಿಟ್ಟಿದೀರಿ, ಮೇಲಕ್ಕೆ ತನ್ನಿ. ಜೊತೆಗೆ ಹುಳುಮನೆಯೋರಿಗೆ ಅಂತ ಒಂದು ಲೈನ್ ಸೇರಿಸಿ, ರೇಷ್ಮೆ ಹುಳದಲ್ಲಿ ಇದು ಉಲ್ಟಾ, ಗಂಡೋ ಹೆಣ್ಣೋ ಅನ್ನೋದು ಅಲ್ಲಿ ತಾಯಿ ಕಡೆಯಿಂದಲೇ.

ಈಗ ಮಾಡಬೇಕಾದ್ದು ಇಷ್ಟು. ಆ ಹುಡುಗನ್ನ ಕರ್ಕೊಂಡು ಅವರಪ್ಪನ ಹೊಲಕ್ಕೆ ಹೋಗಿ, ಗಿಡ ಇನ್ನೂ ಇದ್ರೆ ಉದ್ದ ಎಷ್ಟು ಗಿಡ್ಡ ಎಷ್ಟು, ಹಣ್ಣು ಗುಂಡಗಿರೋದು ಎಷ್ಟು ಕೋಳಿಮೊಟ್ಟೆ ಥರ ಇರೋದು ಎಷ್ಟು ಅಂತ ಹುಡುಗನ ಕೈಲೇ ಎಣಿಸಿ ಬರ್ಸಿ. 3:1 ಬರದಿದ್ರೆ ಬರದೇ ಇರೋದನ್ನೇ ಬರೀರಿ, ತಿದ್ದಬೇಡಿ. 1500 ಪದ ಮೀರಬೇಡಿ. ಚಿತ್ರ ಗೂಗಲ್ಲಿಂದ ಇಳಿಸ್ಬೇಡಿ, ಬೋರ್ಡ್ ಮೇಲೆ ನೀವು ಬರೆಯೋ ಹಾಗೇ ಕೈಯಲ್ಲೇ ಬರ್ದು ಫೋಟೊ ತೆಗೆದು ಕಳಿಸಿ. ಮತ್ತೆ ದಯವಿಟ್ಟು ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡ್ಬೇಡಿ ಮೇಡಂ, ಯೂನಿಕೋಡಲ್ಲಿ ಕಳಿಸಿ, ಹೋದ್ಸಲ ಒತ್ತಕ್ಷರ ಎಲ್ಲಾ ಚೆಲ್ಲಾಡಿ ಸರಿ ಮಾಡೋದ್ರಲ್ಲಿ ಒಂದು ಸಂಜೆ ಹೋಯ್ತು ನಂಗೆ.