ಹನಾಬಿ ಆಡುವಾಗ ಸುಳಿವು ಕೂಡಿಡಬೇಕಾ, ಖರ್ಚು ಮಾಡಬೇಕಾ?

ನಿಮ್ಮ ಗುಂಪಿನಲ್ಲಿ ಒಬ್ಬರು ಸುಳಿವಿನ ಟೋಕನ್‌ಗಳನ್ನು ಬೇಗ ಮುಗಿಸುತ್ತಾರೆ, ಇನ್ನೊಬ್ಬರು ಮುಟ್ಟುವುದೇ ಇಲ್ಲ, ಯಾರು ಸರಿ ಅಂತ ಕೇಳಿದ್ದೀರಿ. ಎಷ್ಟು ಉಳಿದಿದೆ ಅಂತ ಎಣಿಸುವ ಮೊದಲು ಮುಂದಿನ ಸರದಿ ಯಾರದು, ಅವರ ಕೈಯಲ್ಲಿ ಏನಿದೆ ಅಂತ ನೋಡಿ.

ಆಟ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹನಾಬಿ ಎಲೆಗಳ, ಅಂದರೆ ಕಾರ್ಡ್‌ಗಳ ಆಟ. ಇಲ್ಲಿ ಎದುರಾಳಿ ಇಲ್ಲ, ಎಲ್ಲರೂ ಒಂದೇ ಪಕ್ಷ. ನಮ್ಮ ಎಲೆ ನಮಗೆ ಕಾಣುವುದಿಲ್ಲ, ಉಳಿದವರಿಗೆ ಕಾಣುತ್ತದೆ. ಐದು ಬಣ್ಣ, ಪ್ರತಿ ಬಣ್ಣದಲ್ಲೂ 1ರಿಂದ 5ರವರೆಗೆ ಸಾಲು ಕಟ್ಟಬೇಕು. ಸುಳಿವು ಅಂದರೆ ಇನ್ನೊಬ್ಬರಿಗೆ ಅವರ ಕೈಯಲ್ಲಿ ಒಂದು ಬಣ್ಣದ ಅಥವಾ ಒಂದು ಅಂಕಿಯ ಎಲೆಗಳು ಯಾವುವು ಅಂತ ತೋರಿಸುವುದು. ಸುಳಿವು ಕೊಟ್ಟರೆ ಒಂದು ಟೋಕನ್ ಹೋಗುತ್ತದೆ, ಎಲೆ ಬಿಸಾಡಿದರೆ ಒಂದು ವಾಪಸ್ ಬರುತ್ತದೆ. ಇರುವುದು 8, ಅದೂ ಎಲ್ಲರಿಗೂ ಸೇರಿ.

ಉಡುಪಿಯಲ್ಲಿ ಆಟಿ ತಿಂಗಳ ಮಳೆ ಹಿಡಿದುಕೊಂಡರೆ ನಮ್ಮ ಮನೆ ಚಾವಡಿಯಲ್ಲಿ ಇದೇ ಆಟ. ಟೋಕನ್ ಎಲ್ಲೋ ಕಳೆದುಹೋಗಿವೆ. ಚೆನ್ನೆಮಣೆಗೆ ಇಟ್ಟಿದ್ದ ಹುಣಸೆ ಬೀಜವನ್ನೇ ಗೆರಟೆಯಲ್ಲಿ ಹಾಕಿಕೊಳ್ಳುತ್ತೇವೆ.

ಒಂದು ದಿನ ಗೆರಟೆಯಲ್ಲಿ ಒಂದೇ ಬೀಜ ಉಳಿದಿತ್ತು. ನನ್ನ ಸರದಿ. ಬಾವನ ಕೈಯಲ್ಲಿ ಕೆಂಪು 3 ಇತ್ತು, ಆಗಲೇ ಸಾಲಿಗೆ ಇಳಿಸಬಹುದಾದ ಎಲೆ. ಖುಷಿಯಲ್ಲಿ ಬೀಜ ಎತ್ತಿ ಅದನ್ನು ಹೇಳಿಬಿಟ್ಟೆ. ನನ್ನ ನಂತರ ಅತ್ತೆ. ಅವರಿಗೆ ತಮ್ಮ ಎಲೆಗಳ ಬಗ್ಗೆ ಏನೂ ಗೊತ್ತಿಲ್ಲ. ಸುಳಿವು ಕೊಡೋಣ ಅಂದರೆ ಗೆರಟೆ ಖಾಲಿ. ನಮ್ಮ ಪದ್ಧತಿಯಂತೆ ಎಲ್ಲಕ್ಕಿಂತ ಹಳೆಯ ಎಲೆ ಬಿಸಾಡಿದರು. ನೀಲಿ 5! ಪ್ರತಿ ಬಣ್ಣಕ್ಕೂ 5 ಇರುವುದು ಒಂದೇ. ಅತ್ತೆ ಅದನ್ನು ಒಂದು ಕ್ಷಣ ಹಿಡಿದುಕೊಂಡು ನೋಡಿದರು, ಏನೂ ಹೇಳದೆ ಕೆಳಗಿಟ್ಟರು. ನನಗೆ ಆ ಎಲೆ ಮೊದಲಿನಿಂದ ಕಾಣುತ್ತಿತ್ತು, ಅದಕ್ಕೇ ಇವತ್ತಿಗೂ ಬೇಸರ. ಅತ್ತೆಗೆ 'ಇದು 5' ಅಂದಿದ್ದರೆ ಸಾಕಿತ್ತು. ಅವರು ಬೇರೆ ಎಲೆ ಬಿಸಾಡುತ್ತಿದ್ದರು, ಗೆರಟೆಗೂ ಒಂದು ಬೀಜ ಬರುತ್ತಿತ್ತು. ಬಾವನ 3 ಅವರು ಆಗಷ್ಟೇ ಎತ್ತಿದ ಎಲೆ, ಒಂದು ಸುತ್ತು ಕಾಯಬಹುದಿತ್ತು.

ಹಾಗಂತ ಕೂಡಿಡುವವರು ಸರಿ ಅನ್ನಲಾರೆ. 8 ಟೋಕನ್ ತುಂಬಿದ್ದಾಗ ಎಲೆ ಬಿಸಾಡಲು ನಿಯಮವೇ ಬಿಡುವುದಿಲ್ಲ. ಆಗ ಸುಳಿವು ಕೊಡದೆ ಕೂತರೆ ಕಣ್ಣುಮುಚ್ಚಿ ಎಲೆ ಇಳಿಸಬೇಕು, ಅಷ್ಟೇ ದಾರಿ. ಶುರುವಿನಲ್ಲಿ ಧಾರಾಳವಾಗಿ ಖರ್ಚು ಮಾಡಿ. ಒಬ್ಬರ ಕೈಯಲ್ಲಿ ಎರಡು ಮೂರು 1 ಇದ್ದರೆ ಒಂದೇ ಸುಳಿವಿನಲ್ಲಿ ಎಲ್ಲವನ್ನೂ ತೋರಿಸಬಹುದು, ಅಲ್ವಾ?

ಇನ್ನು ಊಹೆಯ ಮೇಲೆ ಎಲೆ ಇಳಿಸುವುದು. ಒಟ್ಟು 50 ಎಲೆಗಳಲ್ಲಿ 1 ಇರುವುದು 15. ಅಂದರೆ ಆಟದ ಮೊದಲ ಎಲೆಯನ್ನೇ ಸುಮ್ನೆ ಇಳಿಸಿದರೂ ಸರಿಯಾಗುವ ಸಾಧ್ಯತೆ ನೂರಕ್ಕೆ 30 ಮಾತ್ರ. ಅಷ್ಟು ಬೇಗ ಅದು ಬೇಡ. ಕಟ್ಟು ಖಾಲಿಯಾದ ಮೇಲೆ ಪ್ರತಿಯೊಬ್ಬರಿಗೂ ಒಂದೇ ಸರದಿ ಸಿಗುತ್ತದೆ. ಆಗ ನಿಮಗೆ ಏನೂ ತೋಚದಿದ್ದರೆ, ತಪ್ಪೂ ಇನ್ನೂ ಆಗಿಲ್ಲದಿದ್ದರೆ, ಧೈರ್ಯವಾಗಿ ಇಳಿಸಿ. ಎರಡು ತಪ್ಪು ಆಗಿಹೋಗಿದ್ದರೆ ಮಾತ್ರ ಬೇಡವೇ ಬೇಡ. ಮೂರನೆಯದಕ್ಕೆ ಎಲ್ಲರೂ ಸೋತಂತೆ.