ಓದುಗರ ಪ್ರಶ್ನೆಗೆ ಉತ್ತರ: ಹಳೆಯ ರೈಫಲ್ಲಿನ ಬೋಲ್ಟ್ ಬಿಗಿಯಾದಾಗ

ಪ್ರಶ್ನೆ: ಇಷಾಪುರದ ಕಾರ್ಖಾನೆಯಲ್ಲಿ ತಯಾರಾದ, ನಮ್ಮ ತಾತನವರ ಕಾಲದ .315 ರೈಫಲ್ ಈಗ ಪರವಾನಗಿ ಸಹಿತ ನನ್ನ ಹೆಸರಿಗೆ ವರ್ಗವಾಗಿ, ಸಕಲೇಶಪುರದ ತೋಟದ ಮನೆಯಿಂದ ಬೆಂಗಳೂರಿಗೆ ಬಂದಿದೆ. ತೋಟಾವನ್ನು ಒಳಗೆ ತಳ್ಳಿ ಮುಚ್ಚುವ ಉರುಳೆಯಾದ ಬೋಲ್ಟಿನ ಹಿಡಿಯನ್ನು ಎತ್ತುವುದೇ ಕಷ್ಟ. ಹಿಂದಕ್ಕೆ ಎಳೆಯುವಾಗಲೂ ಅಂಟಿಕೊಂಡಂತೆ ಬರುತ್ತದೆ. ಚಳಿಗಾಲದ ಬೆಳಗಿನ ಹೊತ್ತು ಇನ್ನೂ ಬಿಗಿ, ಮಧ್ಯಾಹ್ನಕ್ಕೆ ಸ್ವಲ್ಪ ಸಡಿಲ. ಪ್ರತಿ ಆಯುಧಪೂಜೆಗೆ ಅರಿಶಿನ ಕುಂಕುಮವಿಟ್ಟು ತೆಂಗಿನೆಣ್ಣೆ ಸವರುವ ರೂಢಿ ನಮ್ಮಲ್ಲಿದೆ. ಎಮರಿ ಪೇಪರಿನಿಂದ ಉಜ್ಜಿದರೆ ಸರಿಹೋಗುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಉಜ್ಜಬಹುದೇ?
ಓದುಗರು, ಬಸವನಗುಡಿ

ಉತ್ತರ: ದಯವಿಟ್ಟು ಉಜ್ಜಬೇಡಿ. ಈ ರೈಫಲ್ಲಿನದು ಲೀ-ಎನ್‌ಫೀಲ್ಡ್ ಮಾದರಿಯ ಬೋಲ್ಟ್. ಗುಂಡು ಸಿಡಿದಾಗಿನ ಒತ್ತಡವನ್ನೆಲ್ಲ ತಡೆದುಕೊಳ್ಳುವುದು ಬೋಲ್ಟಿನ ಹಿಂಭಾಗದಲ್ಲಿ ಹೊರಚಾಚಿ ರೈಫಲ್ಲಿನ ಮೈಗೆ ಸಿಕ್ಕಿಕೊಳ್ಳುವ ಲಗ್‌ಗಳು, ಮತ್ತು ಅವುಗಳ ಮೇಲ್ಪದರವನ್ನು ಹದ ಮಾಡಿ ಗಟ್ಟಿಗೊಳಿಸಿರುತ್ತಾರೆ. ಎಮರಿ ಪೇಪರ್ ಆ ಪದರವನ್ನು ತಿಂದುಹಾಕುತ್ತದೆ. ಜೊತೆಗೆ ಬೋಲ್ಟಿನ ಮುಖಕ್ಕೂ ತೋಟಾದ ಹಿಂಬದಿಗೂ ನಡುವಿನ ಅಂತರ, ಅಂದರೆ ರಿಪೇರಿಯವರು ಹೆಡ್‌ಸ್ಪೇಸ್ ಎಂದು ಕರೆಯುವುದು, ಹೆಚ್ಚಾಗುತ್ತದೆ. ಅಂತರ ಮಿತಿಮೀರಿದರೆ ತೋಟಾದ ಹಿತ್ತಾಳೆಯ ಹೊರಕವಚ, ಅಂದರೆ ಕೇಸು, ಅದು ಕೂರುವ ಚೇಂಬರಿನೊಳಗೇ ಹರಿಯಬಹುದು, ಮತ್ತು ಹಾಗೆ ಹರಿಯುವಾಗ ಹಾರಿಸುವವರ ಮುಖ ಅದರಿಂದ ಒಂದು ಗೇಣು ದೂರದಲ್ಲಿರುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಉಪಯುಕ್ತವಾಗಿ ಕಂಡದ್ದು ಬೆಳಗ್ಗೆ ಬಿಗಿ, ಮಧ್ಯಾಹ್ನ ಸಡಿಲ ಎಂಬ ಮಾತು. ಲೋಹ ಕೆಟ್ಟಿದ್ದರೆ ಗಡಿಯಾರ ನೋಡಿಕೊಂಡು ಬಿಗಿಯಾಗುವುದಿಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್, ಜನವರಿಯ ಮುಂಜಾನೆ ಬೆಂಗಳೂರಿನ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ವರ್ಷ ವರ್ಷವೂ ಸವರಿದ ಆ ಎಣ್ಣೆ ಹಳತಾಗಿ ಜಿಡ್ಡುಗಟ್ಟಿ, ಅರಿಶಿನ ಕುಂಕುಮದ ಪುಡಿಯನ್ನೂ ಧೂಳನ್ನೂ ಹಿಡಿದುಕೊಂಡು, ಲಗ್ ಕೂರುವ ತೋಡಿನಲ್ಲಿ ಕಂದು ಬಣ್ಣದ ಮೇಣದಂತೆ ಕುಳಿತಿರುವ ಸಾಧ್ಯತೆಯೇ ಹೆಚ್ಚು. ಪೂಜೆಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಕುಂಕುಮವನ್ನು ಮರದ ಹಿಡಿಕೆಗೆ ಇಟ್ಟು, ಲೋಹದ ಭಾಗಗಳಿಗೆ ಗನ್ ಆಯಿಲ್ ಹಚ್ಚಿದರೆ ಸಾಕು.

ಕೆಲಸ ಆರಂಭಿಸುವ ಮೊದಲು ತೋಟಾ ತುಂಬುವ ಡಬ್ಬಿಯಾದ ಮ್ಯಾಗಜಿನ್ ತೆಗೆದು, ಬೋಲ್ಟನ್ನು ಹಿಂದಕ್ಕೆಳೆದು, ಚೇಂಬರ್ ಖಾಲಿಯಿದೆಯೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ತೋಟಾಗಳು ಆ ಕೋಣೆಯಲ್ಲೇ ಇರಬಾರದು. ಮ್ಯಾಗಜಿನ್ ಇಲ್ಲದೆ ಬೋಲ್ಟ್ ಸಲೀಸಾಗಿ ಓಡಿದರೆ, ದೋಷ ಮ್ಯಾಗಜಿನ್ನಿನ ಬಾಯಂಚು ಬೋಲ್ಟಿನ ಅಡಿಗೆ ತಾಗುತ್ತಿರುವುದರಲ್ಲಿದೆ. ಮಲೆನಾಡಿನ ಮಳೆಗಾಲಗಳನ್ನು ಕಂಡ ಮರದ ಹಿಡಿಕೆ ಉಬ್ಬಿ ಬಾಗಿದಾಗ ಇಂಥ ತಾಗಾಟ ಉಂಟಾಗುವುದುಂಟು. ಮ್ಯಾಗಜಿನ್ ಇದ್ದರೂ ಇಲ್ಲದಿದ್ದರೂ ಬಿಗಿತ ಒಂದೇ ಸಮನಾಗಿದ್ದರೆ ಬೋಲ್ಟನ್ನು ಹೊರತೆಗೆಯಿರಿ.

ಹೊರತೆಗೆದ ಬೋಲ್ಟನ್ನು ಸೀಮೆಎಣ್ಣೆಯಲ್ಲಿ ಕೆಲವು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಲಗ್‌ಗಳ ಸಂದುಗಳನ್ನೂ ಕೇಸನ್ನು ಹೊರಗೆಳೆಯುವ ಕೊಕ್ಕೆಯಾದ ಎಕ್ಸ್‌ಟ್ರ್ಯಾಕ್ಟರಿನ ಸುತ್ತಲನ್ನೂ ತಿಕ್ಕಿ, ನೆಟ್ಟಗೆ ನಿಲ್ಲಿಸಿ ಒಳಗಿನದು ಸೋರಿಹೋಗಲು ಬಿಡಿ. ಬೋಲ್ಟಿನೊಳಗಿನ ಸ್ಪ್ರಿಂಗ್ ಮತ್ತು ತೋಟಾಕ್ಕೆ ಬಡಿಯುವ ಫೈರಿಂಗ್ ಪಿನ್ನನ್ನು ಬಿಚ್ಚಲು ಪ್ರತ್ಯೇಕ ಉಪಕರಣ ಬೇಕು. ಇಕ್ಕಳ ಹಾಕಿ ತಿರುಗಿಸಲು ಹೋಗಬೇಡಿ. ಸೀಮೆಎಣ್ಣೆಯನ್ನು ಪೂರ್ತಿ ಒರೆಸಲೇಬೇಕು, ಏಕೆಂದರೆ ಅದು ಆರಿದ ಮೇಲೆ ಲೋಹ ಬರಿದಾಗಿ ಬೇಗ ತುಕ್ಕು ಹಿಡಿಯುತ್ತದೆ. ಬಂದೂಕಿನ ಕಡೆ, ಬಟ್ಟೆ ಸುತ್ತಿದ ಬಿದಿರು ಕಡ್ಡಿಯಿಂದ ಲಗ್‌ಗಳ ತೋಡನ್ನು ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿ. ಆಮೇಲೆ ಬೋಲ್ಟಿನ ಮೈಗೆ ಒಂದೆರಡು ಹನಿ ತೆಳು ಗನ್ ಆಯಿಲ್, ಲಗ್‌ಗಳು ಉಜ್ಜುವ ಜಾಗಕ್ಕೆ ಚೂರೇ ಚೂರು ಗ್ರೀಸ್. ಚೇಂಬರ್ ಮಾತ್ರ ಒಣಗಿರಬೇಕು: ಅಲ್ಲಿ ಎಣ್ಣೆಯಿದ್ದರೆ ಕೇಸು ಗೋಡೆಯನ್ನು ಹಿಡಿದುಕೊಳ್ಳದೆ ಜಾರಿ, ಬೋಲ್ಟಿನ ಮೇಲೆ ಬೀಳುವ ಹೊಡೆತ ಹೆಚ್ಚಾಗುತ್ತದೆ.

ಮತ್ತೆ ಜೋಡಿಸುವಾಗ ಬೋಲ್ಟಿನ ತುದಿಯ ತಲೆಯನ್ನು ಪೂರ್ತಿ ತಿರುಗಿಸಿ ಕೂರಿಸಿದ್ದೀರಾ ಎಂದು ನೋಡಿ. ಬೋಲ್ಟಿನ ಹಿಡಿಯ ಬುಡದಲ್ಲಿರುವ ಸಂಖ್ಯೆ ರೈಫಲ್ಲಿನ ಮೈಮೇಲಿನ ಸಂಖ್ಯೆಯೊಂದಿಗೆ ತಾಳೆಯಾಗಬೇಕು. ಆಗದಿದ್ದರೆ ಯಾವಾಗಲೋ ಬೋಲ್ಟ್ ಬದಲಾಗಿದೆ ಎಂದರ್ಥ, ಆಗ ಹೆಡ್‌ಸ್ಪೇಸ್ ಅಳೆಸದೆ ಹಾರಿಸಬಾರದು. ಬೋಲ್ಟನ್ನು ಮುಂದಕ್ಕೆ ತಳ್ಳುವಾಗ ಕೊನೆಯಲ್ಲಿ ಬರುವ ಭಾರಕ್ಕೆ ಹೆದರಬೇಡಿ. ಈ ಮಾದರಿಯಲ್ಲಿ ಸ್ಪ್ರಿಂಗ್ ಒತ್ತಲ್ಪಡುವುದು ಮುಚ್ಚುವಾಗಲೇ.

ಶುಚಿಯಾದ ಮೇಲೂ ಎಲ್ಲೋ ಒಂದು ಕಡೆ ಕರಕರ ಎಂದರೆ, ಬೋಲ್ಟಿನ ಮೈಗೆ ಕಪ್ಪು ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು, ಆರಿದ ನಂತರ ನಾಲ್ಕಾರು ಸಲ ಹಿಂದೆ ಮುಂದೆ ಓಡಿಸಿ. ಬಣ್ಣ ಅಳಿಸಿಹೋದ ಗೆರೆಯೇ ತಾಗುವ ಜಾಗವನ್ನು ತೋರಿಸುತ್ತದೆ. ಅದನ್ನು ಹಾಗೆಯೇ ಉಳಿಸಿಕೊಂಡು, ಪರವಾನಗಿ ಪುಸ್ತಕದೊಂದಿಗೆ ನಗರದ ಅಧಿಕೃತ ಬಂದೂಕು ರಿಪೇರಿಯವರ ಬಳಿಗೆ ಹೋಗಿ. ಲೇತ್ ಇರುವ ಸಾಮಾನ್ಯ ವರ್ಕ್‌ಶಾಪಿನವರು ಎಷ್ಟೇ ಕುಶಲರಾಗಿದ್ದರೂ ಆಯುಧವನ್ನು ಅವರಿಗೆ ಕೊಡುವಂತಿಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ರಿಪೇರಿ ಮಾಡುವವರಿಗೂ ಪರವಾನಗಿ ಬೇಕು.

ಖಾಲಿಯಿದ್ದಾಗ ಸಲೀಸಾಗಿದ್ದು, ಗುಂಡು ಹಾರಿಸಿದ ಮೇಲೆ ಮಾತ್ರ ಹಿಡಿ ಏಳದಿದ್ದರೆ ಅದು ಬೇರೆಯೇ ಕಾಯಿಲೆ. ಒತ್ತಡ ಅತಿಯಾಗಿರಬಹುದು, ಚೇಂಬರಿನಲ್ಲಿ ತುಕ್ಕಿನ ಕುಳಿ ಬಿದ್ದಿರಬಹುದು, ತೋಟಾ ಹಳತಾಗಿ ಕೆಟ್ಟಿರಬಹುದು. ಮರದ ಕೊಡತಿಯಿಂದ ಹಿಡಿಯನ್ನು ಬಡಿದು ತೆಗೆದು ಇನ್ನೊಂದು ಗುಂಡು ಹಾರಿಸುವುದು ಅಪಾಯ, ಅಲ್ಲಿಗೇ ನಿಲ್ಲಿಸಿ. ತಾತನವರ ಕಾಲದ ತೋಟಾಗಳು ಪೆಟ್ಟಿಗೆಯಲ್ಲಿ ಉಳಿದಿದ್ದರೆ ಅವುಗಳನ್ನು ಬಳಸುವ ಯೋಚನೆಯನ್ನೇ ಬಿಡಿ.

ಪ್ರಶ್ನೆ: ನಾನು ಅಭ್ಯಾಸ ಮಾಡುವ ಕ್ಲಬ್ಬಿನ ಹಳೆಯ .22 ರೈಫಲ್ಲಿನ ಬೋಲ್ಟ್ ಆರಂಭದಲ್ಲಿ ಚೆನ್ನಾಗಿದ್ದು, ಹಾರಿಸುತ್ತಾ ಹೋದಂತೆ ಮುಚ್ಚುವುದಕ್ಕೆ ಬಿಗಿಯಾಗುತ್ತದೆ. ಬಲ ಹಾಕಿ ಮುಚ್ಚಬಹುದೇ?
ಓದುಗರು, ಮಲ್ಲೇಶ್ವರ

ಉತ್ತರ: ಬೇಡ. .22 ತೋಟಾದ ಸಿಡಿಮದ್ದು ಅದರ ಅಂಚಿನ ಸುತ್ತಲೇ ಇರುತ್ತದೆ. ಸರಿಯಾಗಿ ಒಳಗೆ ಕೂರದ ತೋಟಾದ ಅಂಚನ್ನು ಬೋಲ್ಟ್ ಜಜ್ಜಿದರೆ, ಲಗ್ ಪೂರ್ತಿ ಕೂರುವ ಮೊದಲೇ ಸಿಡಿಯಬಹುದು. ಈ ಗುಂಡುಗಳಿಗೆ ಮೇಣ ಸವರಿದ ಸೀಸದ ಮೈಯಿರುವುದರಿಂದ, ಚೇಂಬರಿನ ಮುಂತುದಿಯಲ್ಲಿ ಮೇಣ, ಸೀಸ ಮತ್ತು ಮಸಿ ಸೇರಿ ಉಂಗುರದಂತೆ ಕಟ್ಟಿಕೊಳ್ಳುತ್ತದೆ. ಸ್ಪರ್ಧೆಗೆಂದೇ ಮಾಡಿದ ರೈಫಲ್ಲಿನಲ್ಲಿ ಗುಂಡು ನಳಿಕೆಯ ಗೀರುಗಳಿಗೆ ತುಸು ಒತ್ತಿಕೊಂಡೇ ಕೂರುವುದರಿಂದ ಸಣ್ಣ ಬಿಗಿತ ಸಹಜ, ಆದರೆ ಅದು ಮೊದಲ ಗುಂಡಿನಿಂದಲೂ ಒಂದೇ ರೀತಿಯಿರುತ್ತದೆ. ಹೆಚ್ಚುತ್ತಾ ಹೋಗುವ ಬಿಗಿತ ಕೊಳೆಯ ಗುರುತು. ಅಭ್ಯಾಸ ಮುಗಿದ ಮೇಲೆ ಸಾಲ್ವೆಂಟ್ ಹಚ್ಚಿದ ಕಂಚಿನ ಬ್ರಷ್ಷನ್ನು ಚೇಂಬರಿನ ಕಡೆಯಿಂದಲೇ ಹಾಕಿ ತಿಕ್ಕಿ, ಒಣಬಟ್ಟೆಯಿಂದ ಒರೆಸಲು ತರಬೇತುದಾರರ ಅನುಮತಿ ಕೇಳಿ. ನಡುವೆ ಯಾವುದಾದರೂ ತೋಟಾ ಕೂರಲು ಒಪ್ಪದಿದ್ದರೆ, ನಳಿಕೆಯನ್ನು ಗುರಿಯ ಕಡೆಗೇ ಇಟ್ಟುಕೊಂಡು ರೇಂಜ್ ಅಧಿಕಾರಿಯನ್ನು ಕರೆದು, ಅವರ ಎದುರಿಗೇ ಅದನ್ನು ತೆಗೆಯಿರಿ.