ಅಂಜುಬುರುಕ ಮುತ್ತಿಯನ್ನು ಯಾರಿಗೆ ಒಪ್ಪಿಸಿ ಹೋಗಬೇಕು?

ಪ್ರಶ್ನೆ: ಮಾನ್ಯರೇ, ನಾವು ಬಾಗಲಕೋಟೆಯ ನವನಗರದಲ್ಲಿ ವಾಸವಾಗಿದ್ದೇವೆ. ಮೂರು ವರ್ಷಗಳ ಹಿಂದೆ ಮಳೆಯಲ್ಲಿ ತೊಯ್ದು ನಮ್ಮ ಮನೆಯ ಪಾವಟಿಗೆಗಳ ಕೆಳಗೆ ಸೇರಿಕೊಂಡಿದ್ದ ಬೆಕ್ಕಿನ ಹೆಣ್ಣುಮರಿಯೊಂದನ್ನು ಸಾಕಿಕೊಂಡೆವು. ಮುತ್ತಿ ಎಂದು ಕರೆಯುತ್ತೇವೆ. ನಾವು ನಾಲ್ವರ ಹೊರತು ಬೇರೆ ಯಾರ ಧ್ವನಿ ಕೇಳಿದರೂ ಅದು ಮಂಚದ ಕೆಳಗಿನ ಟ್ರಂಕಿನ ಹಿಂದೆ ಅಡಗಿಬಿಡುತ್ತದೆ, ಬಂದವರು ಹೋಗಿ ಅರ್ಧ ತಾಸಾದರೂ ಹೊರಗೆ ಬರುವುದಿಲ್ಲ. ದಸರಾ ರಜೆಯಲ್ಲಿ ಒಂಬತ್ತು ದಿನ ಕಾಶಿ, ಪ್ರಯಾಗದ ಕಡೆಗೆ ಹೋಗಲು ಟಿಕೆಟ್ ಮಾಡಿಸಿದ್ದೇವೆ. ಮುತ್ತಿಯನ್ನು ಮುಧೋಳದ ನನ್ನ ತವರುಮನೆಯಲ್ಲಿ ಬಿಡೋಣವೆಂದರೆ ಅಲ್ಲಿ ನಮ್ಮ ಅಣ್ಣ ಸಾಕಿರುವ ಬೇಟೆನಾಯಿ ಇದೆ. ತಿನಿಸು, ನೀರು ಸಾಕಷ್ಟು ಇಟ್ಟು ಬೀಗ ಹಾಕಿದರಾಯಿತು ಎನ್ನುತ್ತಾರೆ ನಮ್ಮ ಯಜಮಾನರು. ಪಕ್ಕದ ಮನೆಯ ಕಾಕು ಬಂದು ನೋಡಿಕೊಳ್ಳಲು ಒಪ್ಪಿದ್ದಾರೆ, ಆದರೆ ಮುತ್ತಿ ಅವರಿಗೆ ಇದುವರೆಗೆ ಮುಖವನ್ನೇ ತೋರಿಸಿಲ್ಲ. ಏನು ಮಾಡಬೇಕು?
ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಮುತ್ತಿಯನ್ನು ಮುಧೋಳಕ್ಕೆ ಒಯ್ಯಬೇಡಿ. ಮುಧೋಳದ ನಾಯಿ ಕಣ್ಣಿನಿಂದಲೇ ಬೇಟೆಯನ್ನು ಗುರುತಿಸಿ ಬೆನ್ನಟ್ಟುವ ತಳಿ. ಅದು ಮನೆಯವರೊಂದಿಗೆ ಎಷ್ಟೇ ಸೌಮ್ಯವಾಗಿದ್ದರೂ ಹೆದರಿ ಓಡುವ ಸಣ್ಣ ಪ್ರಾಣಿಯನ್ನು ಕಂಡರೆ ಸುಮ್ಮನೆ ಕೂರುವುದಿಲ್ಲ. ನಾಯಿ ಇಲ್ಲದಿದ್ದರೂ ನನ್ನ ಉತ್ತರ ಇದೇ ಆಗಿರುತ್ತಿತ್ತು. ಬೆಕ್ಕು ಬಾಗಿಲ ಚೌಕಟ್ಟಿಗೆ, ಮಂಚದ ಕಾಲಿಗೆ ಕೆನ್ನೆ ಉಜ್ಜುವುದನ್ನು ನೀವು ದಿನವೂ ನೋಡಿರುತ್ತೀರಿ. ಕೆನ್ನೆಯ ಗ್ರಂಥಿಗಳಿಂದ ಹೊರಡುವ, ನಮ್ಮ ಮೂಗಿಗೆ ತಿಳಿಯದ ವಾಸನೆಯೊಂದನ್ನು ಅದು ಹಾಗೆ ಮನೆಯ ಮೂಲೆಮೂಲೆಗೆ ಸವರಿಟ್ಟಿರುತ್ತದೆ, ಆ ವಾಸನೆ ಇರುವಲ್ಲಿ ಮಾತ್ರ ಅದರ ಜೀವಕ್ಕೆ ನೆಮ್ಮದಿ. ಅಂಜುವ ಬೆಕ್ಕಿನಿಂದ ಮನೆಯವರನ್ನೂ ಮನೆಯನ್ನೂ ಒಂದೇ ದಿನ ಕಸಿದುಕೊಂಡರೆ ಅದು ಕಿಂಡಿ ಸಿಕ್ಕಲ್ಲಿ ನುಸುಳಿ ತನ್ನ ಮನೆಯನ್ನು ಹುಡುಕಿಕೊಂಡು ಹೊರಡುತ್ತದೆ. ಹಲವು ವರ್ಷಗಳ ಹಿಂದೆ ನಾನು ನನ್ನ ಬೂದುಬಣ್ಣದ ಬೆಕ್ಕನ್ನು ಬೆಳಗಾವಿಯ ಬಂಧುಗಳ ಮನೆಯಲ್ಲಿ ಬಿಟ್ಟು ಹೋಗಿದ್ದೆ. ಎರಡನೆಯ ರಾತ್ರಿ ಅಡುಗೆಮನೆಯ ಕಿಟಕಿಯಿಂದ ಹೊರಬಿದ್ದ ಅದು, ಎಷ್ಟು ಓಣಿ ಹುಡುಕಿದರೂ ಸಿಗಲಿಲ್ಲ. ಆ ನೋವು ನಿಮಗೆ ಬರಬಾರದೆಂದೇ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ.

ನಿಮ್ಮ ಯಜಮಾನರ ಸಲಹೆಯೂ ಬೇಡ. ರಾಶಿ ಹಾಕಿದ ತಿನಿಸಿಗೆ ಇರುವೆ ಮುತ್ತುತ್ತವೆ, ಬಟ್ಟಲು ಉರುಳಿದರೆ ನೀರು ತುಂಬುವವರಿಲ್ಲ. ಅದಕ್ಕಿಂತ ಹೆಚ್ಚಾಗಿ, ಬೆಕ್ಕು ಅನ್ನ ಬಿಟ್ಟರೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಉಪವಾಸವನ್ನು ನಾಯಿ ತಾಳಿಕೊಂಡಂತೆ ಬೆಕ್ಕು ತಾಳಲಾರದು. ಹೊಟ್ಟೆಗೆ ಏನೂ ಬೀಳದಿದ್ದಾಗ ದೇಹದ ಕೊಬ್ಬು ಕರಗಿ ಯಕೃತ್ತಿನಲ್ಲಿ ಶೇಖರವಾಗತೊಡಗುತ್ತದೆ, ಬೆಕ್ಕಿನ ಯಕೃತ್ತು ಆ ಭಾರವನ್ನು ನಿಭಾಯಿಸಲಾರದೆ ಸೋಲುತ್ತದೆ. ಮೈತುಂಬಿಕೊಂಡ ಬೆಕ್ಕಿಗಂತೂ ಕೆಲವೇ ದಿನಗಳ ಉಪವಾಸ ಪ್ರಾಣಕ್ಕೆ ಸಂಚಕಾರ ತರಬಹುದು. ಆದ್ದರಿಂದ ಪೂರ್ತಿ ಒಂದು ದಿನ ಬೆಕ್ಕು ಏನನ್ನೂ ತಿನ್ನದಿದ್ದರೆ ಪಶುವೈದ್ಯರಿಗೆ ತಿಳಿಸಬೇಕು, ಎರಡನೆಯ ದಿನಕ್ಕಾಗಿ ಕಾಯಬಾರದು.

ಉಳಿದವರು ಕಾಕು, ಮತ್ತು ಅವರೇ ಸರಿಯಾದವರು. ಮುತ್ತಿ ಅವರಿಗೆ ಮುಖ ತೋರಿಸಿಲ್ಲವೆಂಬ ಚಿಂತೆಗೆ ಮದ್ದು ಇದೆ, ಆದರೆ ಅದಕ್ಕೆ ಕನಿಷ್ಠ ಮೂರು ವಾರ ಬೇಕು, ಇಂದಿನಿಂದಲೇ ಆರಂಭಿಸಿ. ನೀವು ಮನೆಯಲ್ಲಿರುವಾಗಲೇ ಕಾಕು ದಿನವೂ ಒಂದೇ ಹೊತ್ತಿಗೆ ಬಂದು, ಮುತ್ತಿ ಅಡಗುವ ಕೋಣೆಯ ಬಾಗಿಲ ಬಳಿ ಮಣೆಯ ಮೇಲೆ ಮಗ್ಗುಲಾಗಿ ಕೂತುಕೊಳ್ಳಲಿ. ಮೆಂತ್ಯೆ ಸೊಪ್ಪು ಸೋಸುತ್ತಲೋ ಹೂ ಕಟ್ಟುತ್ತಲೋ ತಮ್ಮ ಕೆಲಸದಲ್ಲಿ ತಾವಿರಲಿ. ಅವರು ಬೆಕ್ಕನ್ನು ಕರೆಯಬಾರದು, ಬಗ್ಗಿ ಮಂಚದ ಕೆಳಗೆ ಇಣುಕಬಾರದು, ಕೈಚಾಚಲೇಬಾರದು. ಏಳುವಾಗ ಮುತ್ತಿಗೆ ಇಷ್ಟವಾದ ತಿನಿಸಿನ ನಾಲ್ಕು ಕಾಳು ನೆಲದ ಮೇಲಿಟ್ಟು ಹೋದರೆ ಸಾಕು. ಮೊದಲ ದಿನಗಳಲ್ಲಿ ಟ್ರಂಕಿನ ಪಕ್ಕದಲ್ಲಿ ಎರಡು ಕಣ್ಣುಗಳಷ್ಟೇ ಕಾಣುತ್ತವೆ. ಆಮೇಲೊಂದು ದಿನ ಕಾಕು ಇನ್ನೂ ಕೂತಿರುವಾಗಲೇ ಮುತ್ತಿ ಹೊಟ್ಟೆಯನ್ನು ನೆಲಕ್ಕೆ ಹತ್ತಿಸಿಕೊಂಡು ಬಂದು ಕಾಳು ತಿಂದು ಹೋಗುತ್ತದೆ. ಆಗ ಕಣ್ಣಿಗೆ ಕಣ್ಣು ಸೇರಿದರೆ ದಿಟ್ಟಿಸದೆ, ನಿದ್ದೆ ಬಂದವರಂತೆ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆಯಬೇಕು, ಏಕೆಂದರೆ ದಿಟ್ಟನೋಟ ಬೆಕ್ಕಿಗೆ ಬೆದರಿಕೆಯಂತೆ ತೋರುತ್ತದೆ. ಪ್ರವಾಸಕ್ಕೆ ಒಂದು ವಾರ ಮುಂಚೆ ನೀವೆಲ್ಲರೂ ಒಂದು ರಾತ್ರಿ ತವರಿಗೆ ಹೋಗಿ ಬನ್ನಿ, ಅಷ್ಟರ ಮಟ್ಟಿಗೆ ಕಾಕು ಒಬ್ಬರೇ ನಿಭಾಯಿಸಿ ನೋಡಲಿ. ಸೂಟ್‌ಕೇಸುಗಳನ್ನೂ ಆಗಲೇ ಅಟ್ಟದಿಂದ ಇಳಿಸಿ ನಡುಮನೆಯಲ್ಲಿ ಇಟ್ಟುಬಿಟ್ಟರೆ ಹೊರಡುವ ದಿನದ ಗಡಿಬಿಡಿ ಬೆಕ್ಕಿಗೆ ಅಷ್ಟಾಗಿ ತಟ್ಟುವುದಿಲ್ಲ.

ನೀವು ಹೋದ ಮೇಲೆ ಮುತ್ತಿ ಒಂದೆರಡು ದಿನ ಮತ್ತೆ ಅಡಗಿಕೊಳ್ಳಬಹುದು. ಅದಕ್ಕೆ ಮೊದಲೇ ಸಿದ್ಧತೆ ಮಾಡಿಡಿ. ಫ್ರಿಜ್ಜಿನ ಹಿಂದು, ಅಟ್ಟ, ಕಪಾಟಿನ ಸಂದು ಮುಂತಾದ ಕೈಗೆಟಕದ ಜಾಗಗಳನ್ನು ಮುಚ್ಚಿ. ಟ್ರಂಕಿನ ಹಿಂದಿನ ಜಾಗವನ್ನು ಹಾಗೆಯೇ ಬಿಟ್ಟು, ಇನ್ನೊಂದು ರಟ್ಟಿನ ಡಬ್ಬಿಯನ್ನು ಅಡ್ಡ ಮಲಗಿಸಿ ಅದರೊಳಗೆ ನೀವು ಹೊದ್ದು ಬಳಸಿದ ಕೌದಿಯೊಂದನ್ನು ಒಗೆಯದೆ ಹಾಸಿ. ಆ ಕೌದಿಯ ವಾಸನೆಯಲ್ಲಿ ನೀವು ಮನೆಯಲ್ಲೇ ಇರುತ್ತೀರಿ. ಕಾಕು ಬೆಳಿಗ್ಗೆ, ಸಂಜೆ ಎರಡು ಹೊತ್ತು ಬಂದು ತಲಾ ಅರ್ಧ ತಾಸು ಇರಬೇಕು, ಒಳಗೆ ಬಂದ ಕೂಡಲೇ ಬಾಗಿಲು ಹಾಕಿಕೊಳ್ಳಬೇಕು, ನವರಾತ್ರಿಯ ಓಡಾಟದಲ್ಲಿ ತಮ್ಮ ಜೊತೆಗೆ ಮಕ್ಕಳನ್ನೋ ಅತಿಥಿಗಳನ್ನೋ ಕರೆತರಬಾರದು.

ನೋಡಿಕೊಳ್ಳುವವರು ಬೆಕ್ಕನ್ನು ಮುದ್ದಿಸಲೇಬೇಕೆಂದಿಲ್ಲ, ಅದರ ತಟ್ಟೆಯನ್ನೂ ಟ್ರೇಯನ್ನೂ ಸರಿಯಾಗಿ ಗಮನಿಸಿದರೆ ಸಾಕು ಎಂಬುದನ್ನು ಕಾಕುಗೆ ಮನವರಿಕೆ ಮಾಡಿಕೊಡಿ. ತಿನಿಸನ್ನು ಒಂದು ಅಳತೆಯ ಬಟ್ಟಲಿನಿಂದಲೇ ಹಾಕಿದರೆ ಎಷ್ಟು ಖಾಲಿಯಾಯಿತೆಂಬುದು ತಾನಾಗಿ ತಿಳಿಯುತ್ತದೆ. ಮರಳಿನ ಟ್ರೇಯನ್ನು ದಿನಕ್ಕೊಮ್ಮೆ ತೆಗೆದು ಸ್ವಚ್ಛ ಮಾಡುವಾಗ ಮೂತ್ರದ ಒದ್ದೆ ಉಂಡೆಗಳು ಎಷ್ಟಿವೆ, ಮಲ ಗಟ್ಟಿಯಾಗಿದೆಯೇ ಎಂದು ನೋಡಿ ಒಂದು ಹಳೆಯ ಕ್ಯಾಲೆಂಡರಿನ ಮೇಲೆ ಬರೆದಿಡಲಿ. ತಿನಿಸು ಮುಗಿದಿದ್ದು, ಟ್ರೇ ಬಳಕೆಯಾಗಿದ್ದರೆ ಮುತ್ತಿ ಎರಡು ದಿನ ಹತ್ತಿರ ಬರದಿದ್ದರೂ ಗಾಬರಿ ಬೇಡ, ಅಡಗಿದಲ್ಲಿಯೇ ಇದೆಯೆಂದು ದೂರದಿಂದ ಒಮ್ಮೆ ಖಾತ್ರಿ ಮಾಡಿಕೊಂಡರಾಯಿತು. ಆದರೆ ಟ್ರೇಯಲ್ಲಿ ಕುಳಿತು ತಿಣುಕಿಯೂ ಮೂತ್ರ ಬಾರದಿದ್ದರೆ ಅದೇ ದಿನ ವೈದ್ಯರಲ್ಲಿಗೆ ಒಯ್ಯಬೇಕು. ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200 ಮಿಲಿಲೀಟರ್ ನೀರು ಬೇಕು, ಒಣ ತಿನಿಸು ತಿನ್ನುವ ಬೆಕ್ಕಾದರೆ ಅದರಲ್ಲಿ ಹೆಚ್ಚಿನ ಪಾಲನ್ನು ಕುಡಿದೇ ಪಡೆಯಬೇಕು. ಹೀಗಾಗಿ ಅಗಲ ಬಾಯಿಯ ಎರಡು ಮೂರು ಬಟ್ಟಲುಗಳನ್ನು ತಿನಿಸಿನಿಂದ ದೂರ, ಬೇರೆ ಬೇರೆ ಕಡೆ ಇಡಿಸಿ. ಹಾಲು ಹಾಕುವುದು ಬೇಡ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಅರಗದೆ ಭೇದಿಯಾಗುತ್ತದೆ.

ಇನ್ನೊಂದು ಮಾತನ್ನು ದಪ್ಪಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಬೆಕ್ಕಿಗೆ ಜ್ವರವಿದೆಯೆಂದು ಮರುಕಪಟ್ಟು ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರೆಯನ್ನು ಕೊಡಲೇಬಾರದು, ಒಂದೇ ಮಾತ್ರೆಯೂ ಬೆಕ್ಕನ್ನು ಕೊಲ್ಲಬಲ್ಲದು. ಆ ಚೀಟಿಯ ಕೆಳಗೆ ಪಶುವೈದ್ಯರ ಫೋನ್ ನಂಬರು, ನಿಮ್ಮ ನಂಬರು ಇರಲಿ. ಚಿಕಿತ್ಸೆಗೆ ನಿಮ್ಮ ಒಪ್ಪಿಗೆ ಇದೆಯೆಂದು ಎರಡು ಸಾಲು ಬರೆದು, ಸ್ವಲ್ಪ ಹಣವನ್ನೂ ಮುತ್ತಿಯನ್ನು ಒಯ್ಯುವ ಬುಟ್ಟಿಯನ್ನೂ ಕಾಕುಗೆ ಒಪ್ಪಿಸಿ. ಅವರಿಗೆ ಹುಷಾರಿಲ್ಲದಂತಾದರೆ ಬರಲು ಇನ್ನೊಬ್ಬರನ್ನು ಗೊತ್ತುಮಾಡಿ ಮತ್ತೊಂದು ಕೀಲಿಕೈ ಅವರಲ್ಲಿ ಕೊಟ್ಟಿರಿ.

ಹಣ ಪಡೆದು ಬೆಕ್ಕುಗಳನ್ನು ಇಟ್ಟುಕೊಳ್ಳುವ ಕೇಂದ್ರಗಳು ದೊಡ್ಡ ಊರುಗಳಲ್ಲಿವೆ. ಬೇರೆ ದಾರಿ ಇಲ್ಲವೆಂದಾದರೆ ಮಾತ್ರ ಅತ್ತ ಯೋಚಿಸಿ. ಹಾಗೆ ಬಿಡುವುದಾದರೆ ನಾಯಿಗಳ ಸದ್ದು ಕೇಳಿಸದ ಪ್ರತ್ಯೇಕ ಕೋಣೆ ಇದೆಯೇ ಎಂದು ಕಣ್ಣಾರೆ ನೋಡಿ, ರೇಬೀಸ್ ಮತ್ತು ಬೆಕ್ಕುಗಳ ಮಾರಕ ವೈರಸ್ ರೋಗವಾದ ಪ್ಯಾನ್‌ಲ್ಯುಕೋಪೀನಿಯಾ ಲಸಿಕೆಗಳನ್ನು ಕೆಲವು ವಾರ ಮೊದಲೇ ಹಾಕಿಸಿರಬೇಕು.

ಕಾಶಿಯಿಂದ ಮರಳಿದ ದಿನ ಮುತ್ತಿಯನ್ನು ಎಳೆದು ಎತ್ತಿಕೊಳ್ಳಬೇಡಿ. ನಿಮ್ಮ ಬಟ್ಟೆಗಳಿಗೆ ರೈಲಿನ, ಪರಊರಿನ ವಾಸನೆ ಹತ್ತಿರುತ್ತದೆ. ಅದು ಸೂಟ್‌ಕೇಸುಗಳನ್ನು ಮೂಸಿ, ಒಂದಷ್ಟು ಹೊತ್ತು ದೂರ ಕೂತು, ತಾನಾಗಿ ಬರುತ್ತದೆ. ಕಾಕು ಮಾತ್ರ ಅಲ್ಲಿಗೇ ಬರುವುದನ್ನು ನಿಲ್ಲಿಸದೆ ವಾರಕ್ಕೆರಡು ಬಾರಿಯಾದರೂ ಬಂದು ಅದೇ ಮಣೆಯ ಮೇಲೆ ಕೂತು ಹೋಗಲಿ, ದೀಪಾವಳಿಗೆ ನೀವು ತವರಿಗೆ ಹೋಗುವ ಹೊತ್ತಿಗೆ ಮುತ್ತಿ ಅವರನ್ನು ಮರೆತಿರಬಾರದು.